ಕಾಲಿಲ್ಲದ ಫುಟ್‌ಬಾಲ್ ಬೊಂಬೆ

ಕಳೆದ ಭಾನುವಾರ ಸಂಜೆ ನಾಲ್ಕೂವರೆಗೆ, ಬಿಡದಿಯ ಕಾರ್ಖಾನೆಗಳ ಸಾಲು ಮುಗಿಯುವಲ್ಲಿರುವ ಮೈದಾನದಲ್ಲಿ, ವೃತ್ತಿಪರ ಫುಟ್‌ಬಾಲ್ ಕ್ಲಬ್ಬೊಂದು ತನ್ನ ಕಲಿಕೆ ಆಟಗಾರ್ತಿಯರಿಗೆ ಕೊಡುವ ವಾರ್ಷಿಕ ಪ್ರಶಸ್ತಿಯನ್ನು ಪ್ರದಾನ ಮಾಡಿತು.

ಇದು ನಾನೇ ಬರೆದ ಸುದ್ದಿಯ ಮೊದಲ ಸಾಲು. ಎರಡನೇ ಸಾಲಿನಲ್ಲಿ ಗೆದ್ದವಳ ಹೆಸರು, ಊರು. ಮೂರನೆಯದರಲ್ಲಿ ಯಾರು ಯಾರು ಹಾಜರಿದ್ದರು ಎಂಬುದು. ಪ್ರಶಸ್ತಿ ಶುರುವಾದ ವರ್ಷದಿಂದ ಇದನ್ನು ನಾನೇ ಬರೆಯುತ್ತ ಬಂದಿದ್ದೇನೆ, ಅದು ಯಾವಾಗಲೂ ಮೂರೇ ಸಾಲು. ಈ ಸಲ ನಾಲ್ಕಾಯಿತು. ನೀವು ಪತ್ರಿಕೆಯ ಏಳನೇ ಪುಟದ ಬಲ ಮೂಲೆಯನ್ನು ಓದುವವರಲ್ಲ ಎಂದು ನನಗೆ ಗೊತ್ತು. ನಾನೂ ಓದುವುದಿಲ್ಲ. ಆದ್ದರಿಂದ ಆ ನಾಲ್ಕನೇ ಸಾಲು ಹೇಗೆ ಬಂತು ಎಂದು ಇಲ್ಲಿ ಒಸಿ ಬಿಡಿಸಿ ಹೇಳುತ್ತೇನೆ.

ರಾಮನಗರದ ನಮ್ಮ ಕಚೇರಿಯಲ್ಲಿ ನನ್ನ ಮೇಜು ಪಶ್ಚಿಮದ ಕಿಟಕಿಗೆ ಅಂಟಿಕೊಂಡಿದೆ. ಮಧ್ಯಾಹ್ನ ಮೂರರ ಮೇಲೆ ಬಿಸಿಲು ನೇರವಾಗಿ ಮೇಜಿನ ಮೇಲೆ ಬೀಳುತ್ತದೆ. ಅಲ್ಲಿ, ಹಳೆಯ ನೋಟ್‌ಬುಕ್ಕುಗಳು ಜಾರದಂತೆ ತಡೆದು ನಿಂತಿರುವುದು ಒಂದು ಮರದ ಬೊಂಬೆ. ಗೇಣುದ್ದ, ಹಳದಿ ಅಂಗಿ, ಗುಂಡು ತಲೆ, ಎರಡೂ ಕೈ ಮೈಗೆ ಅಂಟಿದಂತೆ. ಸೊಂಟದಿಂದ ಕೆಳಗೆ ಗಂಟೆಯ ಹಾಗೆ ಅಗಲವಾದ ಬುಡ. ಕಾಲಿಲ್ಲ. ಎದೆಯ ಮೇಲೆ ಅಡ್ಡಡ್ಡ ಒಂದು ಸುಟ್ಟ ಕಪ್ಪು ಗೆರೆ. ಬಿಸಿಲು ಕಾದಾಗ ಅದರಿಂದ ಅರಗಿನ ವಾಸನೆ ಏಳುತ್ತದೆ. ಅಂಚೆ ಕಚೇರಿಯಲ್ಲಿ ಮುದ್ರೆ ಹಾಕುವಾಗ ಬರುತ್ತಿತ್ತಲ್ಲ, ಅಂಥದ್ದೇ ವಾಸನೆ. ಭಾನುವಾರ ಮೈದಾನದಿಂದ ಬಂದು ಇಳಿಬಿಸಿಲಿನಲ್ಲಿ ಸುದ್ದಿಗೆ ಟಿಪ್ಪಣಿ ತಿರುವುತ್ತ ಕೂತಾಗಲೂ ಅದೇ ವಾಸನೆ ಬಂತು. ಹೊಸಬರು ಕಚೇರಿಗೆ ಬಂದರೆ ಬೊಂಬೆ ಎತ್ತಿ ನೋಡಿ, "ಏನ್ಸಾ ಇದು, ರಾಜನಾ ಮಂತ್ರಿನಾ?" ಎಂದು ಕೇಳುತ್ತಾರೆ. ಫುಟ್‌ಬಾಲ್ ಆಟಗಾರ್ತಿ ಎಂದರೆ ನಗುತ್ತಾರೆ. ನಗಲಿ, ಮೊದಲ ಸಲ ನಾನೂ ನಕ್ಕಿದ್ದೆ.

ಫುಟ್‌ಬಾಲಿಗೂ ನನಗೂ ಸಂಬಂಧ ಬಂದದ್ದು ನಮ್ಮ ಸುದ್ದಿ ತಿದ್ದುವ ಡೆಸ್ಕಿನ ರಂಗಣ್ಣನಿಂದ. ನಾನು ರೇಷ್ಮೆ ಗೂಡಿನ ಮಾರುಕಟ್ಟೆಯ ವರದಿಗಾರ. ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಹುಳುವಿನ ಗತಿ ಹೇಳಬಲ್ಲೆ. ಚೆಂಡಿನ ಗತಿ ಗೊತ್ತಿರಲಿಲ್ಲ. ಆರು ವರ್ಷದ ಹಿಂದೆ ಬಿಡದಿಯ ಆ ಮೈದಾನದಲ್ಲಿ ಕ್ಲಬ್ಬಿನವರು ಹುಡುಗಿಯರ ಪಂದ್ಯ ಇಟ್ಟಾಗ ರಂಗಣ್ಣ, "ನಿಂಗೆ ಹತ್ರ ಕಣ್ಲಾ, ಒಂದ್ ರೌಂಡ್ ಹೋಗ್ಬುಟ್ಟು ಬಾ" ಎಂದ. ಹೋದೆ. ಯಾವ ನಿಮಿಷದಲ್ಲಿ ಏನಾಯಿತೆಂದು ಬರೆದುಕೊಂಡೆ. ಕೊನೆಯಲ್ಲಿ, ವರದಿ ಸಮತೋಲನದಲ್ಲಿರಲಿ ಎಂದು, "ಗೋಲ್‌ಕೀಪರ್ ಸಲ್ಮಾ ಪಂದ್ಯದುದ್ದಕ್ಕೂ ಒಂದೇ ಕಡೆ ನಿಂತಿದ್ದು, ಒಂದು ಗೋಲನ್ನೂ ಗಳಿಸಲಿಲ್ಲ" ಎಂದೂ ಸೇರಿಸಿದೆ. ರಂಗಣ್ಣನೂ ಅದನ್ನು ಹಾಗೇ ಬಿಟ್ಟ. ಎರಡು ದಿನ ಬಿಟ್ಟು ಕಚೇರಿಗೆ ಫೋನ್ ಬಂತು.

"ಸಾರ್, ನಾನು ಸಲ್ಮಾ, ಚನ್ನಪಟ್ಣದೋಳು. ಒಂದೇ ಕಡೆ ನಿಂತಿದ್ದೋಳು."

"ಹೇಳಮ್ಮ."

"ನಾನ್ ಗೋಲ್ ಹೊಡ್ಯಾಕಲ್ಲ ಸಾರ್ ನಿಂತಿರೋದು. ಚೆಂಡ್ನ ಒಳಕ್ಕೆ ಬುಡ್ದಿರಾಕೆ. ಏಳು ತಡ್ದಿದೀನಿ. ಅದ್ನ ಬರೀಬೋದಿತ್ತು."

ತಿದ್ದುಪಡಿ ಹಾಕಿದೆವು. ನನ್ನ ಹೆಸರಿಗೆ ಸೇರಿರುವ ತಿದ್ದುಪಡಿಗಳು ಹೆಚ್ಚಿಲ್ಲ, ಎಲ್ಲವೂ ನೆನಪಿವೆ. ಇದೊಂದರ ಬಗ್ಗೆ ಮಾತ್ರ ನನಗೆ ಬೇಸರವಿಲ್ಲ.

ಕಲಿಕೆ ಆಟಗಾರ್ತಿಯರು ಎಂದರೆ ಯಾರು ಎಂಬುದನ್ನೂ ಹೇಳಿಬಿಡುತ್ತೇನೆ. ಹದಿನಾರು ದಾಟಿ ಹದಿನೆಂಟು ಮುಟ್ಟದ ಹುಡುಗಿಯರು. ಕ್ಲಬ್ಬಿನ ಹಾಸ್ಟೆಲಿನಲ್ಲಿ ವಾಸ, ಬೆಳಿಗ್ಗೆ ಅಭ್ಯಾಸ, ಆಮೇಲೆ ಕಾಲೇಜು. ಮಧ್ಯೆ ಚೆಂಡಿಗೆ ಗಾಳಿ ತುಂಬುವುದು, ಬಲೆ ಕಟ್ಟುವುದು, ದೊಡ್ಡ ತಂಡದವರ ಜೆರ್ಸಿ ಎಣಿಸಿ ಮಡಿಸುವುದೂ ಅವರದೇ ಕೆಲಸ. ಒಪ್ಪಂದ ಒಂದೇ ವರ್ಷದ್ದು. ವರ್ಷದ ಕೊನೆಗೆ ಹಾಸ್ಟೆಲಿನ ಬಾಗಿಲಿಗೆ ಒಂದು ಪಟ್ಟಿ ಅಂಟಿಸುತ್ತಾರೆ. ಹೆಸರಿದ್ದವರು ಉಳಿಯುತ್ತಾರೆ, ಇಲ್ಲದವರು ಟ್ರಂಕ್ ಹಿಡಿದು ಊರಿಗೆ ಹೋಗುತ್ತಾರೆ. ಪ್ರಶಸ್ತಿ ಬಂದವಳ ಹೆಸರು ಪಟ್ಟಿಯಲ್ಲಿ ಇದ್ದೇ ಇರುತ್ತದೆ. ಆ ವರ್ಷ ಇಬ್ಬರು ಗೋಲ್‌ಕೀಪರ್‌ಗಳಿದ್ದರು. ಒಬ್ಬಳು ಚನ್ನಪಟ್ಟಣದ ಸಲ್ಮಾ, ಇನ್ನೊಬ್ಬಳು ಕನಕಪುರದ ಭವ್ಯ. ಮುಂದಿನ ವರ್ಷಕ್ಕೆ ಗೋಲ್‌ಕೀಪರ್ ಜಾಗ ಒಂದೇ ಇತ್ತು.

ಸಲ್ಮಾಳ ತಂದೆ ಅಮೀರ್‌ಜಾನ್ ಸಾಬ್ರು ಬೊಂಬೆ ಕಡೆಯುವವರು. ಮನೆಯ ಹಿಂದಿನ ಶೆಡ್ಡಿನಲ್ಲಿ ಒಂದು ಲೇತ್. ಹಾಲೆ ಮರದ ತುಂಡು ಗಿರಗಿರ ತಿರುಗುತ್ತದೆ, ಸಾಬ್ರ ಉಳಿ ತಾಗಿದ ಕಡೆ ಮರ ಸುರುಳಿ ಸುರುಳಿಯಾಗಿ ಬಿಚ್ಚಿಕೊಳ್ಳುತ್ತದೆ. ಆಕಾರ ಬಂದ ಮೇಲೆ ತಿರುಗುತ್ತಿರುವ ಮರಕ್ಕೇ ಅರಗಿನ ಬಣ್ಣದ ಕಡ್ಡಿ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕೇದಗೆಯ ಗರಿಯಿಂದ ತೀಡಿದರೆ ಹೊಳಪು ಬರುತ್ತದೆ. ಎಲ್ಲ ಆದ ಮೇಲೆ ಉಳಿಯ ಮೂಲೆಯಿಂದ ಬುಡವನ್ನು ಕಡಿದು ಬಿಡಿಸಬೇಕು. ಕಡಿದ ತುಂಡು ನೆಲಕ್ಕೆ ಬಿದ್ದರೆ ಬಣ್ಣಕ್ಕೆ ಏಟು. ಹಾಗಾಗಿ ಬೀಳುವ ಮೊದಲು ಯಾರಾದರೂ ಹಿಡಿಯಬೇಕು, ಗಟ್ಟಿಯಾಗಿ ಅಲ್ಲ, ಮೆತ್ತಗೆ, ತುಂಡು ಬರುವ ಕಡೆಗೇ ಕೈ ಒಯ್ದು. ಆ ಮನೆಯಲ್ಲಿ ಹಾಗೆ ಹಿಡಿಯುತ್ತಿದ್ದವಳು ಸಲ್ಮಾ. ಕೋಚ್ ಒಬ್ಬರು ಇಷ್ಟು ಚೆನ್ನಾಗಿ ಹಿಡಿಯಲು ಎಲ್ಲಿ ಕಲಿತೆ ಎಂದು ಕೇಳಿದ್ದಕ್ಕೆ ಅವಳು, "ಮನೇಲಿ, ಬುಟ್ರೆ ಅಬ್ಬಾ ಬೈತಿದ್ರು" ಎಂದಿದ್ದಳಂತೆ.

ಆ ವರ್ಷವೇ ಕ್ಲಬ್ಬಿಗೆ ವಾರ್ಷಿಕ ಪ್ರಶಸ್ತಿಯ ಯೋಚನೆ ಬಂತು. ಹಿತ್ತಾಳೆ ಕಪ್ಪು ಬೇಡ, ಈ ಕಡೆಯದೇ ಏನಾದರೂ ಇರಲಿ ಎಂದು ವ್ಯವಸ್ಥಾಪಕಿ ನಂದಿನಿ ಮೇಡಂ ಚನ್ನಪಟ್ಟಣದ ಅಂಗಡಿಗಳಲ್ಲಿ ವಿಚಾರಿಸಿದರು. ಯಾರೋ ಅಮೀರ್‌ಜಾನ್ ಸಾಬ್ರ ಹೆಸರು ಹೇಳಿದರು. ಅವರ ಮಗಳು ತಮ್ಮ ಹಾಸ್ಟೆಲಿನಲ್ಲೇ ಇದ್ದಾಳೆಂಬುದು ಮೇಡಂಗೆ ಗೊತ್ತಿರಲಿಲ್ಲ. ಸಾಬ್ರು ಹೇಳಲಿಲ್ಲ. "ಮಗ್ಳು ಅಲ್ಲೇ ಆಡ್ತಾಳೆ ಅಂತ ಗೊತ್ತಾದ್ರೆ, ಕೊಟ್ರೂ ಒಂದ್ ಮಾತು, ಕೊಡ್ದಿದ್ರೂ ಒಂದ್ ಮಾತು. ಅವಳ್ಗೂ ಬಾಯ್ ಮುಚ್ಕೊಂಡಿರು ಅಂದಿದೀನಿ" ಎಂದು ಆಮೇಲೆ ನನಗೆ ವಿವರಿಸಿದರು. ಬೊಂಬೆ ತಯಾರಾಗುವ ಬಗ್ಗೆ ಪುರವಣಿಗೆ ಬರೆಯಲೆಂದು ನಾನು ಆಗ ಅವರ ಶೆಡ್ಡಿಗೆ ಹೋಗಿ ಬರುತ್ತಿದ್ದೆ. ಮಾದರಿ ಬೊಂಬೆ ನೋಡಲು ಮೇಡಂ ಬಂದ ದಿನವೂ ಅಲ್ಲಿದ್ದೆ.

ಮೇಡಂ ಬೊಂಬೆಯನ್ನು ಎತ್ತಿ, ತಿರುಗಿಸಿ, ತಲೆಕೆಳಗು ಮಾಡಿ ನೋಡಿದರು.

"ಸಾಬ್ರೇ, ಕಾಲೆಲ್ಲಿ?"

"ಕಾಲಾ? ನಮ್ ಬೊಂಬೆಗೆ ಯಾವತ್ತಮ್ಮ ಕಾಲಿತ್ತು?"

ನಾನು ಶೆಡ್ಡಿನ ಹಲಗೆಯ ಕಡೆ ನೋಡಿದೆ. ರಾಜ, ರಾಣಿ, ಪೊಲೀಸು, ಮದುಮಗ, ಮದುಮಗಳು, ಡಾಕ್ಟರು. ಯಾರಿಗೂ ಕಾಲಿರಲಿಲ್ಲ. ಹುಟ್ಟಿದಾಗಿನಿಂದ ಈ ಬೊಂಬೆಗಳ ನಡುವೆ ಬೆಳೆದವನು ನಾನು, ಆವತ್ತಿನವರೆಗೆ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಲೇತ್ ಗುಂಡಗೆ ತಿರುಗುತ್ತದೆ, ಅದರಿಂದ ಬರುವುದೆಲ್ಲ ಗುಂಡಗೇ ಬರುತ್ತದೆ. ಆಟಗಾರ್ತಿ ಬೇಕು ಎಂದಾಗ ಸಾಬ್ರು ಅಂಗಿಯ ಬಣ್ಣ ಕೇಳಿದ್ದರು, ಜಡೆಯೋ ಜುಟ್ಟೋ ಎಂದು ಕೇಳಿದ್ದರು. ಕಾಲಿನ ಯೋಚನೆ ಅವರಿಗೂ ಬಂದಿರಲಿಲ್ಲ.

"ಇದು ಫುಟ್‌ಬಾಲ್ ಸಾಬ್ರೇ. ಆಡೋದೇ ಕಾಲಲ್ಲಿ."

"ಅದು ಸರಿ ಅನ್ನಿ" ಎಂದು ಸಾಬ್ರು ಬೊಂಬೆಯ ಬುಡವನ್ನು ಒಮ್ಮೆ ಸವರಿದರು. ತಪ್ಪು ಅವರಿಗೆ ಅರ್ಥವಾಗಿತ್ತು. ಆದರೂ ಸೋಲೊಪ್ಪುವ ಮುಖ ಇರಲಿಲ್ಲ.

"ಎರಡು ಕಾಲು ಬೇರೆ ಮಾಡಿ ಅಂಟಿಸಿಬಿಡಿ."

"ಅಂಟ್ಸಿದ್ದು ಇವತ್ತಲ್ಲ ನಾಳೆ ಕಿತ್ಕೊಂತದೆ ಮೇಡಂ. ಕಾಲ್ ಮುರ್ದಿರೋ ಆಟಗಾರ್ತೀನ ಕೊಡ್ತೀರೋ, ಕಾಲೇ ಇಲ್ದಿರೋಳ್ನ ಕೊಡ್ತೀರೋ, ನೀವೇ ಯೋಚ್ನೆ ಮಾಡಿ."

ನಂದಿನಿ ಮೇಡಂ ಯೋಚಿಸಿದರು. ಆಮೇಲೆ ನಗು ತಡೆಯಲಾಗದೆ ಗೋಡೆ ಹಿಡಿದುಕೊಂಡರು. ಮಾದರಿ ಬೊಂಬೆಯನ್ನು ಚೀಲಕ್ಕೆ ಹಾಕಿಕೊಂಡು, "ಹೀಗೇ ಇರಲಿ. ಬುಡದ ಸುತ್ತ ಹೆಸರು ಬರೀಬೇಕು. ಹೆಸರು ಆಮೇಲೆ ಕಳಿಸ್ತೀನಿ, ಯಾರಿಗೂ ಹೇಳಬಾರದು" ಎಂದು ಹೋದರು.

ಸಮಾರಂಭಕ್ಕೆ ಎಂಟು ದಿನ ಇದ್ದಾಗ ಹೆಸರಿನ ಚೀಟಿ ಬಂತು. ನಮಗೂ ಅದೇ ದಿನ ಪ್ರಕಟಣೆ ಬಂತು, ಸಮಾರಂಭ ಮುಗಿಯುವವರೆಗೆ ಅಚ್ಚು ಹಾಕಬಾರದು ಎಂಬ ಸೂಚನೆಯೊಂದಿಗೆ. ಹೆಸರು: ಭವ್ಯ, ಕನಕಪುರ.

ಮರುದಿನ ಭಾನುವಾರ. ಪುರವಣಿಗೆ ಒಂದು ಫೋಟೊ ಬಾಕಿ ಇತ್ತು, ಚನ್ನಪಟ್ಟಣಕ್ಕೆ ಹೋದೆ. ಸಲ್ಮಾ ಹಾಸ್ಟೆಲಿನಿಂದ ಮನೆಗೆ ಬಂದಿದ್ದಾಳೆಂದು ನನಗೆ ತಿಳಿದಿರಲಿಲ್ಲ. ತಿಳಿದಿದ್ದರೆ ಸೋಮವಾರ ಹೋಗುತ್ತಿದ್ದೆ. ಶೆಡ್ಡಿನಲ್ಲಿ ಲೇತ್ ತಿರುಗುತ್ತಿತ್ತು. ಸಾಬ್ರು ಗಿಲಕಿಗಳನ್ನು ಕಡಿದು ಬಿಡಿಸುತ್ತಿದ್ದರು, ಮಗಳು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಒಂದೊಂದನ್ನೇ ಹಿಡಿದು ಬುಟ್ಟಿಗೆ ಇಡುತ್ತಿದ್ದಳು. ಹಲಗೆಯ ಮೇಲೆ ರಾಜ, ರಾಣಿ, ಪೊಲೀಸರ ಸಾಲಿನ ಕೊನೆಗೆ ಏನೋ ಒಂದರ ಮೇಲೆ ಕೆಂಪು ಚೌಕಳಿಯ ಟವೆಲ್ ಹೊದಿಸಿತ್ತು. ಗೇಣೆತ್ತರ. ಏನೆಂದು ಮೂವರಿಗೂ ಗೊತ್ತಿತ್ತು. ಕೈ ಚಾಚಿದರೆ ಸಲ್ಮಾಳಿಗೆ ಸಿಗುವಷ್ಟು ಹತ್ತಿರ.

"ಸಾರ್, ನಿಮ್ಗೂ ಗೊತ್ತಿರ್ತದೆ" ಎಂದಳು, ಕೈ ನಿಲ್ಲಿಸದೆ.

"ಏನಮ್ಮ?"

"ಏನಮ್ಮ ಅಂತೀರಲ್ಲ. ಪೇಪರ್‌ನೋರ್ಗೆ ಮುಂಚೇನೇ ಕಳುಸ್ತಾರೆ ಅಂತ ನಂಗೊತ್ತು."

"ಸಮಾರಂಭ ಮುಗಿಯೋವರೆಗೂ ನನಗೆ ಏನೂ ಗೊತ್ತಿರಲ್ಲ."

"ಹೋದ್ಸಲ ಗೊತ್ತಿಲ್ದೇನೇ ಬರ್ದುಬುಟ್ರಿ. ಈಗ ಗೊತ್ತಿದ್ರೂ ಹೇಳ್ತಿಲ್ಲ" ಎಂದು ನಕ್ಕಳು.

ಸಾಬ್ರು ಲೇತಿನಿಂದ ಕಣ್ಣು ತೆಗೆಯದೆ, "ಕೈ ನೋಡ್ಕೋ" ಎಂದರು. ಗಿಲಕಿ ಕಡಿದುಕೊಂಡು ಹಾರಿತು, ಅವಳು ಹಿಡಿದಳು. ಆ ಮಧ್ಯಾಹ್ನ ಸಾಬ್ರು ಒಂದು ಸಲವೂ ಶೆಡ್ಡು ಬಿಟ್ಟು ಏಳಲಿಲ್ಲ. ಮನೆಯೊಳಗಿಂದ ಟೀಗೆ ಕರೆದರೆ ಇಲ್ಲಿಗೇ ಕಳಿಸಿ ಎಂದರು. ಸಂಜೆ ಸಲ್ಮಾ ಬಸ್ಸಿಗೆ ಹೊರಟಳು. ಟವೆಲ್ ಇದ್ದಂತೆಯೇ ಇತ್ತು.

ಅವಳು ಹೋದ ಮೇಲೆ ಸಾಬ್ರು ಲೇತ್ ನಿಲ್ಲಿಸಿ, ಕೆಳಗಿನ ಸಿಪ್ಪೆಯ ರಾಶಿಯಿಂದ ಒಂದು ಬೊಂಬೆ ತೆಗೆದು ನನ್ನ ಕೈಗಿಟ್ಟರು. ಹಳದಿ ಅಂಗಿ, ಎದೆಯ ಮೇಲೆ ಕಪ್ಪು ಗೆರೆ.

"ಚೀಟಿ ಓದಿದ್ ಮೇಲೆ ಮೊದ್ಲು ಮಾಡಿದ್ದು ಇದು. ಕೈ ಒಸಿ ಜೋರಾಗಿ ಒತ್ಬುಡ್ತು. ಅರಗು ಸುಟ್ಟೋಯ್ತು. ಅದ್ನ ಹೆಂಗ್ ಕೊಡಾದು? ಆ ಮಗೀಗೂ ಒಬ್ಬ ಅಪ್ಪ ಅವ್ನೆ. ರಾತ್ರಿ ಮಲ್ಗಿ ಎದ್ದು, ಬೆಳಗ್ಗೆ ತಣ್ಣಗ್ ಕೂತ್ಕೊಂಡು ಇನ್ನೊಂದ್ ಮಾಡ್ದೆ."

"ನೋಡಬಹುದಾ?"

ಟವೆಲ್ ಎತ್ತಿದರು. ಗೂಡಿನ ಮಾರುಕಟ್ಟೆಯಲ್ಲಿ ಮೊದಲ ದರ್ಜೆಯ ಗೂಡನ್ನು ಕಂಡಾಗ ನೂಲು ಬಿಚ್ಚುವ ಹಳಬರು ಬೆಲೆ ಕೂಗುವ ಮೊದಲು ಬಗ್ಗಿ ಅದನ್ನು ಸುತ್ತಲೂ ನೋಡುತ್ತಾರೆ. ನಾನೂ ಹಾಗೇ ಬಗ್ಗಿ ನೋಡಿದೆ. ಹಳದಿಯಲ್ಲಿ ಎಲ್ಲೂ ಒಂದು ಅಲೆ ಇರಲಿಲ್ಲ. ಬುಡದ ಸುತ್ತ ಕೆಂಪಿನಲ್ಲಿ ಭವ್ಯ ಎಂಬ ಹೆಸರು, ಬಿಡಿಬಿಡಿಯಾಗಿ. ಮಗಳು ಟ್ರಂಕ್ ಹಿಡಿದು ವಾಪಸ್ ಬರುತ್ತಾಳೆ ಎಂಬುದನ್ನು ತಿಳಿದ ಮನುಷ್ಯ ಮಾಡಿದ ಕೆಲಸ ಅದು. ನಮ್ಮ ಡೆಸ್ಕಿನಲ್ಲಿ ಹೆಮ್ಮೆ ಎಂಬ ಪದ ಬಳಸಲು ಬಿಡುವುದಿಲ್ಲ. ಯಾರಿಗೆ, ಎಷ್ಟು, ಪುರಾವೆ ಏನು ಎಂದು ಕೇಳುತ್ತಾರೆ. ಪುರಾವೆ ನನ್ನ ಕಣ್ಣ ಮುಂದೆ ಹಲಗೆಯ ಮೇಲೆ ನಿಂತಿತ್ತು.

"ಸುಟ್ಟಿದ್ದು ನಂಗೆ ಕೊಡಿ ಸಾಬ್ರೇ" ಎಂದೆ.

"ಅದ್ಯಾಕೆ? ಒಲೆಗ್ ಹಾಕೋದದು."

ಕೊಟ್ಟರು.

ಸಮಾರಂಭದಲ್ಲಿ ಸಾಬ್ರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹಿಂದಿನ ಸಾಲಿನಲ್ಲಿ ಕೂತಿದ್ದರು. ಹೆಸರು ಕೂಗಿದರು. ಎಲ್ಲರಿಗಿಂತ ಮೊದಲು ಎದ್ದು ಚಪ್ಪಾಳೆ ಹೊಡೆದವಳು ಸಲ್ಮಾ. ನನ್ನ ನೋಟ್‌ಬುಕ್ಕಿನಲ್ಲಿ ಸಮಯ ಸಹಿತ ಇದೆ. ಭವ್ಯ ಬೊಂಬೆಯನ್ನು ಎದೆಗೆ ಒತ್ತಿಕೊಂಡು ಕೆಳಗಿಳಿದಾಗ ಗೆಳತಿಯರೆಲ್ಲ ಮುತ್ತಿಕೊಂಡು, "ಲೇ, ಕಾಲೇ ಇಲ್ವಲ್ಲೇ ಇದ್ಕೆ" ಎಂದು ಕಿರುಚಾಡಿದರು. ಭವ್ಯ ಬೊಂಬೆಯನ್ನು ಸಲ್ಮಾಳ ಕೈಗೆ ಕೊಟ್ಟಳು. ಸಲ್ಮಾ ಬುಡದ ಮೇಲೆ ಹೆಬ್ಬೆರಳು ಆಡಿಸಿ, "ಗೋಲ್‌ಕೀಪರ್‌ಗೆ ಕೈ ಇದ್ರೆ ಸಾಕು ಕಣೇ" ಎಂದು ವಾಪಸ್ ಕೊಟ್ಟಳು.

ಸಲ್ಮಾಳ ಹೆಸರಿಲ್ಲದ ಪಟ್ಟಿ ಅಂಟಿಸಿದ ಮೇಲೆ ಟ್ರಂಕಿನೊಂದಿಗೆ ಅಪ್ಪ ಮಗಳು ಮೈಸೂರು ರಸ್ತೆಯ ಬಸ್ಸು ಹತ್ತಿದರು. ನಾನು ರಾಮನಗರದಲ್ಲಿ ಇಳಿಯಬೇಕಿತ್ತು, ಅದೇ ಬಸ್ಸು. ಮೂವರ ಸೀಟಿನಲ್ಲಿ ಕೂತೆವು. ಅವರು ಮನೆಯಲ್ಲಿ ಆಡುವುದು ಉರ್ದು. ನಾನಿದ್ದೆನೆಂದು ಕನ್ನಡದಲ್ಲೇ ಮಾತಾಡಿದರು.

"ಬಣ್ಣ ಚೆನ್ನಾಗ್ ಬಂದೈತೆ ಅಬ್ಬಾ."

"ಹ್ಞೂಂ."

"ಟವೆಲ್ ನೋಡಿದಾಗ್ಲೇ ನಂಗೆ ಗೊತ್ತಾಗೋಯ್ತು."

ಸಾಬ್ರು ತಿರುಗಿ ನೋಡಿದರು.

"ನನ್ ಹೆಸ್ರಾಗಿದ್ರೆ ನೀವು ಟವೆಲ್ ಹಾಕ್ಬುಟ್ಟು ಟೀ ಕುಡ್ಯಾಕೆ ಎದ್ದೋಗ್ತಿದ್ರಿ. ನಾನ್ ಕದ್ದು ನೋಡ್ಲಿ ಅಂತ. ಆವತ್ತು ಏಳ್ಲೇ ಇಲ್ವಲ್ಲ."

ಸಾಬ್ರು ಟ್ರಂಕನ್ನು ಕಾಲ ಬಳಿಗೆ ಎಳೆದುಕೊಂಡರು. ನಾನು ಕಿಟಕಿಯ ಹೊರಗೆ ಬಂಡೆಗಳನ್ನು ನೋಡುತ್ತ ಕೂತೆ.

"ಎದ್ದೋಗಿದ್ರೆ ನೋಡ್ತಿದ್ಯಾ?" ಎಂದು ಸಾಬ್ರು ಕೊನೆಗೆ ಕೇಳಿದರು.

"ಇಲ್ಲ."

"ಯಾಕೆ?"

"ಯಾರ್ಗೂ ಹೇಳ್ಬಾರ್ದು ಅಂತ ಮೇಡಂ ನಿಮ್ಗೆ ಅಂದಿದ್ರಲ್ಲ. ನಾನ್ ನೋಡಿದ್ರೆ ನೀವ್ ಹೇಳ್ದಂಗೇ ಆಯ್ತಿತ್ತು."

ಮುಂದಿನದನ್ನು ಬೇಗ ಹೇಳುತ್ತೇನೆ. ಒಂದು ವರ್ಷ ನೋಡು, ಆಗದಿದ್ದರೆ ಲೇತಿಗೆ ಕೂರು ಎಂಬುದು ಸಾಬ್ರ ಮೊದಲ ಮಾತಾಗಿತ್ತು. ಆ ಬಸ್ಸಿನ ನಂತರ ಅವರು ಆ ಮಾತೆತ್ತಲಿಲ್ಲ. ಸಲ್ಮಾ ಚನ್ನಪಟ್ಟಣದಲ್ಲೇ ಎರಡನೇ ಪಿಯುಸಿ ಮುಗಿಸಿದಳು, ಬೆಳಿಗ್ಗೆ ಊರಿನ ಮೈದಾನದಲ್ಲಿ ಅಭ್ಯಾಸ, ಸಂಜೆ ಶೆಡ್ಡಿನಲ್ಲಿ ಗಿಲಕಿ ಹಿಡಿಯುವುದು. ಮರುವರ್ಷದ ಆಯ್ಕೆಗೆ ಮತ್ತೆ ಹೋದಳು. ದೊಡ್ಡ ತಂಡದ ಮೀಸಲು ಗೋಲ್‌ಕೀಪರ್ ಆಗಿ ತೆಗೆದುಕೊಂಡರು, ಅಲ್ಲಿ ಭವ್ಯಳೂ ಇದ್ದಳು. ಭವ್ಯ ಎರಡು ವರ್ಷದ ಮೇಲೆ ಬೇರೆ ರಾಜ್ಯದ ತಂಡಕ್ಕೆ ಹೋದಳು. ಬೊಂಬೆಯನ್ನು ಜೊತೆಗೇ ಒಯ್ದಿದ್ದಾಳೆ. ಸಲ್ಮಾ ಈಗ ಕ್ಲಬ್ಬಿನ ಮೊದಲ ಗೋಲ್‌ಕೀಪರ್. ಬೆಳಗಿನ ಹೊತ್ತು ಕಲಿಕೆ ಹುಡುಗಿಯರಲ್ಲಿ ಗೋಲ್‌ಕೀಪರ್‌ಗಳಿಗೆ ಹೇಳಿಕೊಡುವವಳೂ ಅವಳೇ. ಲೇತಿನಿಂದ ಕಡಿದ, ಬಣ್ಣ ಹಚ್ಚಿದ ಮರದ ಗುಂಡುಗಳನ್ನು ಒಂದು ಚೀಲ ತುಂಬ ತಂದು ಮೇಲಿನಿಂದ ಉದುರಿಸುತ್ತಾಳೆ, ಬಣ್ಣಕ್ಕೆ ಏಟಾಗದಂತೆ ಹಿಡಿಯಬೇಕು. ಆ ಪ್ರಶಸ್ತಿ ಅವಳಿಗೆ ಯಾವತ್ತೂ ಬರಲಿಲ್ಲ, ಇನ್ನು ಬರುವುದೂ ಇಲ್ಲ. ಅದು ಕಲಿಕೆಯವರಿಗೆ ಮಾತ್ರ.

ಬೊಂಬೆ ಈಗಲೂ ಅಮೀರ್‌ಜಾನ್ ಸಾಬ್ರದೇ. ಈಗಲೂ ಕಾಲಿಲ್ಲ. ಮೊದಲ ವರ್ಷವೇ ನಾನು ಸುದ್ದಿಯಲ್ಲಿ ಅವರ ಹೆಸರು ಹಾಕಿದ್ದೆ. ರಂಗಣ್ಣ ಹೊಡೆದುಹಾಕಿದ. "ಏನ್ಲಾ, ಕಪ್ ಮಾಡ್ದೋನ್ ಹೆಸ್ರು ಯಾವತ್ತಾರ ಹಾಕಿದ್ದೀವಾ? ನಾಳೆ ಶಾಮಿಯಾನ ಹಾಕ್ದೋನು ಬತ್ತಾನೆ." ಅವನು ಹೇಳಿದ್ದು ನಿಯಮದ ಪ್ರಕಾರ ಸರಿ. ಪುರವಣಿಯ ಲೇಖನವೂ ಜಾಗವಿಲ್ಲದೆ ಬಿದ್ದುಹೋಯಿತು. ನಾನು ವಾದಿಸಲಿಲ್ಲ, ಆಮೇಲಿನ ವರ್ಷಗಳಲ್ಲೂ ವಾದಿಸಲಿಲ್ಲ. ಅದು ಶಿಸ್ತು ಎಂದುಕೊಂಡಿದ್ದೆ. ಬರೇ ಸೋಮಾರಿತನವೂ ಇದ್ದಿರಬಹುದು.

ಕಳೆದ ಭಾನುವಾರ ಸುದ್ದಿ ಬರೆಯಲು ಕೂತಾಗ ಆ ಅರಗಿನ ವಾಸನೆ ಬಂತೆಂದೆನಲ್ಲ. ನಾಲ್ಕನೇ ಸಾಲು ಬರೆದು, ಬೊಂಬೆಯನ್ನೂ ಎತ್ತಿಕೊಂಡು ಹೋಗಿ ರಂಗಣ್ಣನ ಮೇಜಿನ ಮೇಲಿಟ್ಟೆ. ಕಪ್ಪು ಗೆರೆ ಯಾಕೆ ಬಂತು ಎಂದು ಹೇಳಿದೆ. ಅವನು ಕನ್ನಡಕ ತೆಗೆದು ಗೆರೆಯ ಮೇಲೆ ಉಗುರು ಆಡಿಸಿದ.

"ಇಷ್ಟ್ ವರ್ಷ ಯಾಕ್ಲಾ ಹೇಳ್ಲಿಲ್ಲ?"

"ನೀನು ಕೇಳಲಿಲ್ಲ."

"ಸರಿ, ಹೋಗು" ಎಂದ.

ಸೋಮವಾರದ ಪತ್ರಿಕೆಯಲ್ಲಿ ನಾಲ್ಕೂ ಸಾಲು ಬಂದಿವೆ. ಈ ವರ್ಷದ ಪ್ರಶಸ್ತಿ ಮಾಗಡಿಯ ರಕ್ಷಿತಾಳಿಗೆ. ಅವಳು ಗೋಲ್‌ಕೀಪರ್, ಕಲಿಸಿದವರು ಸಲ್ಮಾ. ನಾಲ್ಕನೇ ಸಾಲು ಇದು: ಪ್ರಶಸ್ತಿ ಬೊಂಬೆಯನ್ನು ಕಡೆದವರು ಚನ್ನಪಟ್ಟಣದ ಅಮೀರ್‌ಜಾನ್.

ಪತ್ರಿಕೆಯಲ್ಲಿ ಇಲ್ಲದ ಒಂದು ವಿವರ ಮಂಗಳವಾರ ಸಾಬ್ರಿಂದ ಫೋನಿನಲ್ಲಿ ತಿಳಿಯಿತು. ಸಮಾರಂಭಕ್ಕೆ ಮೊದಲಿನ ಭಾನುವಾರ ಸಲ್ಮಾ ಮನೆಗೆ ಬಂದಿದ್ದಳು. ಹಲಗೆಯ ಮೇಲೆ ರಕ್ಷಿತಾಳ ಹೆಸರಿನ ಬೊಂಬೆಗೆ ಟವೆಲ್ ಹೊದಿಸಿತ್ತು. ಸಾಬ್ರು ಅವಳನ್ನು ಶೆಡ್ಡಿನಲ್ಲಿ ಒಬ್ಬಳೇ ಬಿಟ್ಟು ಟೀ ಕುಡಿಯಲು ಎದ್ದು ಹೋದರು. ಎರಡು ಲೋಟ ಕುಡಿದು, ಅರ್ಧ ಗಂಟೆ ಬಿಟ್ಟು ವಾಪಸ್ ಬಂದರು. ಟವೆಲ್ ಇದ್ದಂತೆಯೇ ಇತ್ತು.